ಉದ್ದನಪಲ್ಲಿಯ ಹಗೇವು ಮತ್ತು ನನ್ನ ಸಂಬಳ

ಮೂವತ್ತೊಂದನೆಯ ವಯಸ್ಸಿನಲ್ಲಿ ನಿವೃತ್ತಿಯ ಮಾತಾಡಿದರೆ ಯಾರಾದರೂ ನಗುತ್ತಾರೆ. ನಿವೃತ್ತವಾದದ್ದು ನನ್ನ ಹುದ್ದೆ. ಯುದ್ಧ ಮುಗಿದು, ಧಾನ್ಯದ ಮೇಲಿನ ಹತೋಟಿ ಸಡಿಲವಾಗಿ, ಹೊಸೂರಿನ ನಮ್ಮ ಧಾನ್ಯ ಕಚೇರಿಯ ಬಾಗಿಲಿಗೆ ಬೀಗ ಬಿತ್ತು. ಕುರ್ಚಿ ಮೇಜುಗಳನ್ನು ತಾಲ್ಲೂಕು ಕಚೇರಿಯವರು ಒಯ್ದರು. ಅಲ್ಲಿ ಕಲಿತದ್ದನ್ನು ಒಯ್ಯಲು ಯಾರೂ ಬರಲಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ನಾನು ಓದಿದ ವಿಷಯವನ್ನೇ ಓದಲು ಹೊರಟಿರುವ ಹೆಣ್ಣುಮಕ್ಕಳು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರ ಮನೆಯವರದು ಒಂದೇ ಪ್ರಶ್ನೆ: ಮಾನವಶಾಸ್ತ್ರ ಓದಿದರೆ ಸಂಬಳ ಎಷ್ಟು ಬರುತ್ತದೆ? ಹುಡುಗಿಯರು ಇದನ್ನು ನಾಚಿಕೊಂಡು ಕೇಳುತ್ತಾರೆ. ನಾಚಬೇಕಾದದ್ದೇನೂ ಇಲ್ಲ. ಓದಿಗೆ ಬೆಲೆ ಕಟ್ಟಬಾರದು ಎನ್ನುವವರು ಸಾಮಾನ್ಯವಾಗಿ ತಿಂಗಳಿಗೆ ಸರಿಯಾಗಿ ಸಂಬಳ ಎಣಿಸಿಕೊಳ್ಳುವವರೇ ಆಗಿರುತ್ತಾರೆ. ನನ್ನ ಓದಿಗೆ ಬೆಲೆ ಕಟ್ಟಲಾಯಿತು. ಮೊದಲು ಕಡಿಮೆ ಕಟ್ಟಿದರು, ಆಮೇಲೆ ಸರಿಯಾಗಿ ಕಟ್ಟಿದರು. ಎರಡರ ನಡುವೆ ಏನು ನಡೆಯಿತೆಂಬುದೇ ಈ ಬರಹ.

ನನ್ನ ಚಿಕ್ಕಪ್ಪ ಕಲ್ಕತ್ತೆಯಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ಅವರ ಮನೆಯಲ್ಲಿದ್ದು ಪದವಿ ಮುಗಿಸಿ ಊರಿಗೆ ಬಂದಾಗ ಯುದ್ಧ ನಡೆಯುತ್ತಿತ್ತು. ಹೊಸೂರಿನಲ್ಲಿ ಹೊಸದಾಗಿ ತೆರೆದ ಧಾನ್ಯ ಕಚೇರಿಗೆ ಮನೆಮನೆಗೆ ಹೋಗಿ ವಿಚಾರಿಸುವ ಹೆಂಗಸೊಬ್ಬಳು ಬೇಕಾಗಿದ್ದಳು. ಪ್ರತಿ ಮನೆಗೂ ವರ್ಷದ ಊಟಕ್ಕೆ, ಬಿತ್ತನೆಗೆ ಎಷ್ಟು ರಾಗಿ ಬೇಕು ಎಂದು ಗೊತ್ತುಮಾಡಿ, ಉಳಿದದ್ದನ್ನು ಸರ್ಕಾರದ ಬೆಲೆಗೆ ಕೊಳ್ಳುವುದು ಕಚೇರಿಯ ಕೆಲಸ. ಅದನ್ನು ಲೆವಿ ಎನ್ನುತ್ತಿದ್ದರು. ಗಂಡು ಗುಮಾಸ್ತರನ್ನು ಹೆಂಗಸರು ಅಡಿಗೆಮನೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ನನ್ನನ್ನು ಕರೆದರು.

ಹೆಡ್ ಗುಮಾಸ್ತ ಗೋವಿಂದಸ್ವಾಮಿಯವರು ನನ್ನ ಪದವಿಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಏನಮ್ಮಾ ಇದು? ವೈದ್ಯವೂ ಅಲ್ಲ, ಕಾನೂನೂ ಅಲ್ಲ, ಟೀಚರ್ ಟ್ರೈನಿಂಗೂ ಅಲ್ಲ."

"ಮಾನವಶಾಸ್ತ್ರ ಸರ್."

"ಅಂದ್ರೆ?"

"ಯಾರಿಗೆ ಯಾರು ಏನಾಗಬೇಕು, ಯಾರ ಒಲೆಯಲ್ಲಿ ಬೆಂದದ್ದನ್ನು ಯಾರು ಉಣ್ಣುತ್ತಾರೆ, ಯಾಕೆ ಉಣ್ಣುತ್ತಾರೆ, ಇವನ್ನೆಲ್ಲ ತಿಳಿಯುವುದು."

"ಅಷ್ಟೇನಾ? ಅದನ್ನ ನಮ್ಮತ್ತೆ ಒಂದು ಕಾಸು ಫೀಜು ಕಟ್ಟದೆ ಕಲಿತವ್ರೆ!"

ಕಚೇರಿಯೆಲ್ಲ ನಕ್ಕಿತು. ಅವರು ಅಷ್ಟಕ್ಕೇ ಬಿಡಲಿಲ್ಲ. "ಈ ಶಾಸ್ತ್ರದಲ್ಲಿ ತಲೆ ಅಳೀತಾರಂತಲ್ಲ? ನನ್ನ ತಲೆ ಅಳೆದು ಹೇಳಮ್ಮ, ತಹಶೀಲ್ದಾರ್ ಆಗೋ ಯೋಗ ಇದೆಯಾ ಅಂತ."

"ಶಾಸ್ತ್ರ ಅಷ್ಟು ಮುಂದುವರಿದಿಲ್ಲ ಸರ್" ಎಂದೆ. ಜವಾನ ಕೆಂಪಯ್ಯ ಮುಖ ತಿರುಗಿಸಿಕೊಂಡು ಕೆಮ್ಮಿದ.

ಪದವಿ ಯಾವ ದರ್ಜೆಯದೆಂದು ತಿಳಿಯದ ಕಾರಣ ಸದ್ಯಕ್ಕೆ ನನಗೆ ಮೆಟ್ರಿಕ್ ಪಾಸಾದ ಗುಮಾಸ್ತರ ಸಂಬಳ ಎಂದು ಬರೆದುಕೊಂಡರು. ಪಕ್ಕದ ಮೇಜಿನಲ್ಲಿ ಚರಿತ್ರೆಯಲ್ಲಿ ಬಿ.ಎ. ಮಾಡಿದವರೊಬ್ಬರಿದ್ದರು. ಅವರಿಗೆ ನನ್ನದರ ಒಂದೂವರೆಯಷ್ಟು ಸಂಬಳ. ನನಗೆ ಅವರ ಮೇಲೆ ಹೊಟ್ಟೆಯುರಿ ಇರಲಿಲ್ಲ. ಆದರೆ ಆ ಅರ್ಧವನ್ನು ಪಡೆಯದೆ ಅಲ್ಲಿಂದ ಹೊರಡಬಾರದೆಂದು ಮೊದಲ ದಿನವೇ ನಿಶ್ಚಯಿಸಿದೆ. ನಾನು ಮೆಟ್ರಿಕ್ ಸಂಬಳಕ್ಕೆ ಒಪ್ಪಿ ಕೂತರೆ ನನ್ನ ಹಿಂದೆ ಬರುವವಳಿಗೂ ಅದೇ ಗತಿ. ಈ ನಿಶ್ಚಯವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮೊದಲು ಹೋದದ್ದು ಬೇರಿಕೆ ಎಂಬ ಊರಿಗೆ. ನನಗಿಂತ ಮುಂಚೆ ಅಲ್ಲಿಗೆ ಹೋಗಿದ್ದ ಗುಮಾಸ್ತರು ಅರ್ಧ ಬೀದಿಯ ಮನೆಗಳ ಎದುರು 'ಯಜಮಾನನ ಹೆಸರು ತಿಳಿಯದು' ಎಂದು ಬರೆದುಕೊಂಡು ಬಂದಿದ್ದರು. ಗಂಡಸರು ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ ಹೆಂಗಸರನ್ನು ಕೇಳಿದ್ದರ ಫಲ ಅದು. ನಾನೂ ಅದೇ ತಪ್ಪು ಮಾಡಿದೆ.

"ನಿಮ್ಮ ಯಜಮಾನರ ಹೆಸರೇನು?"

ಆಕೆ ಮೊರ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದಳು. "ಅದೇ... ಅವ್ರೇ."

"ಅವರೇ ಅಂದರೆ?"

"ಅಯ್ಯೋ, ಇಂಗೆ ಮಕ ನೋಡ್ಕಂಡು ಕೇಳ್ತಾರಲ್ಲಪ್ಪಾ!"

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಪದ್ಧತಿಯ ಬಗ್ಗೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ. ಅದೆಲ್ಲ ಎಲ್ಲಿಯೋ ಸಮುದ್ರದಾಚೆಯ ದ್ವೀಪದವರ ವಿಷಯ. ನನ್ನ ತಾಯಿಯೂ ಒಂದು ದಿನಕ್ಕೂ ತಂದೆಯ ಹೆಸರು ಹೇಳಿದವರಲ್ಲ ಎಂಬುದು ಆಗ, ಆ ಜಗುಲಿಯ ಮೇಲೆ ಹೊಳೆಯಿತು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಆಕೆಯ ನಾದಿನಿ ತಲೆ ಹಾಕಿದಳು.

"ನಾನ್ ಯೋಳ್ತೀನಿ, ಬರ್ಕಳಿ. ಅವ್ನು ನಮ್ಮಣ್ಣ. ಯಂಕಟಪ್ಪ ಅಂತ. ಆರು ಮಕ್ಳಾದ್ವು, ನಮ್ಮತ್ಗೆಗೆ ಇನ್ನೂ ನಾಚ್ಕೆ!"

"ಭಾರಿ ಯೋಳ್ತೀಯ. ನಿನ್ ಗಂಡನ ಹೆಸ್ರು ಯೋಳೇ ನೋಡಾನ!"

"ನಂದ ನೀನ್ ಯೋಳು. ಅಲ್ಗಲ್ಗೆ ಸರಿಹೋಯ್ತು."

ಅಂದಿನಿಂದ ಅತ್ತಿಗೆ ನಾದಿನಿಯರನ್ನು ಜೋಡಿಯಾಗಿ ಕೂರಿಸಿ ಕೇಳಿದೆ. ಮಧ್ಯಾಹ್ನಕ್ಕೆಲ್ಲ ಬೀದಿ ಮುಗಿಯಿತು, ನಗುವೂ ನಿಲ್ಲಲಿಲ್ಲ.

ನಮ್ಮ ಅಧಿಕಾರಿ ವೈದ್ಯನಾಥನ್ ಅವರು ಕಾವೇರಿ ಬಯಲಿನ ಅಕ್ಕಿಯ ಸೀಮೆಯವರು. ರಾಗಿಯನ್ನು ಮನುಷ್ಯರು ಮೂರು ಹೊತ್ತೂ ಉಣ್ಣುತ್ತಾರೆಂದು ನಂಬಲು ಅವರಿಗೆ ಒಂದು ವರ್ಷ ಹಿಡಿಯಿತು. ಕೋಪಿಷ್ಠರು, ಆದರೆ ಶುದ್ಧ ಹಸ್ತದವರು. ಹಳ್ಳಿಯಲ್ಲಿ ಯಾರಾದರೂ ಬಾಳೆಹಣ್ಣು ಕೊಟ್ಟರೆ ಕಾಸು ಕೊಟ್ಟೇ ತಿನ್ನುವರು. ನನ್ನೊಡನೆ ತಮಿಳಿನಲ್ಲಿ ಮಾತಾಡುತ್ತಿದ್ದರು, ನಾನು ಹಾಗೇ ಉತ್ತರ ಕೊಡುತ್ತಿದ್ದೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಅವರಿಗಿದ್ದ ದೊಡ್ಡ ತಲೆನೋವು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಯಜಮಾನರು ಹೇಳುತ್ತಿದ್ದ ಸಂಖ್ಯೆ. ಮದುವೆಯಾಗಿ ಹೋದ ಮಗಳೂ ಅದರಲ್ಲಿ ಸೇರುತ್ತಿದ್ದಳು, ಸೈನ್ಯಕ್ಕೆ ಸೇರಿ ಬರ್ಮಾ ಗಡಿಯಲ್ಲಿದ್ದ ಮಗನೂ ಸೇರುತ್ತಿದ್ದ. ಸಾಹೇಬರು ಎಲ್ಲರನ್ನೂ ಸುಳ್ಳರೆಂದು ಬೈದು, ಹೇಳಿದ್ದರಲ್ಲಿ ಕಾಲುಭಾಗ ಹೊಡೆದು ಹಾಕುತ್ತಿದ್ದರು. ಹಾಗಾಗಿ ನಿಜ ಹೇಳಿದವನು ಉಪವಾಸ ಬೀಳುತ್ತಿದ್ದ. ನಾನು ಪ್ರಶ್ನೆ ಬದಲಾಯಿಸಿದೆ. ಅಡಿಗೆ ಮಾಡುವವಳ ಹತ್ತಿರ ಹೋಗಿ, "ಇವತ್ತು ಮುದ್ದೆ ಎಷ್ಟು ಕಟ್ಟಿದ್ರಿ? ಯಾರ್ಯಾರಿಗೆ?" ಎಂದು ಕೇಳಿದೆ. ಹಿಟ್ಟು ತೊಳಸಿ ಕೈ ಸುಟ್ಟುಕೊಳ್ಳುವವಳು ಬರ್ಮಾದಲ್ಲಿರುವ ಮಗನಿಗೆ ಮುದ್ದೆ ಕಟ್ಟುವುದಿಲ್ಲ. ಸಂಖ್ಯೆ ನಿಜವಾಗಿ ಬರತೊಡಗಿತು. ಸಾಹೇಬರು ಕಾಲುಭಾಗ ಹೊಡೆಯುವುದನ್ನು ಬಿಟ್ಟರು. ನನ್ನ ಸಂಬಳ ಇದ್ದಲ್ಲೇ ಇತ್ತು.

ಡೆಂಕಣಿಕೋಟೆಯ ಕಾಡಂಚಿನಲ್ಲಿ ಇನ್ನೊಂದು ಬಗೆಯ ಗೊಂದಲ. ಯಾರ ಹೊಲ ನೋಡಿದರೂ ಆನೆ ತಿಂದಿತು ಎನ್ನುವರು. ಕೆಲವರ ಹೊಲವನ್ನು ನಿಜವಾಗಿಯೂ ತಿಂದಿತ್ತು. ಆದರೆ ಕೊಯ್ಲಾದ ಮೇಲೆ ನೋಡಿದರೆ ಎಲ್ಲ ಹೊಲವೂ ಒಂದೇ. ಅಲ್ಲಿ ನಾನು ಆನೆಯ ಮಾತೇ ಎತ್ತದೆ, ಯಾರು ಎಷ್ಟು ದಿನದವರೆಗೆ ಅಟ್ಟಣೆಯ ಮೇಲೆ ಕಾವಲು ಮಲಗಿದರು ಎಂದು ವಿಚಾರಿಸಿದೆ. ಬೆಳೆ ಹೋದವನು ಅದರ ಮಾರನೆಯ ದಿನದಿಂದ ಮನೆಯಲ್ಲಿ ಮಲಗುತ್ತಾನೆ. ಕೊಯ್ಲಿನವರೆಗೂ ಅಟ್ಟಣೆ ಬಿಡದವನ ಹೊಲದಲ್ಲಿ ಕಾಯುವುದಕ್ಕೆ ಏನೋ ಇತ್ತೆಂದೇ ಅರ್ಥ. ಒಬ್ಬ ಮುದುಕ ಇದನ್ನು ಕೇಳಿ ತೊಡೆ ತಟ್ಟಿಕೊಂಡು, "ಆನೆ ಸಾಕ್ಷಿ ಯೋಳಾಕಿಲ್ಲ ಅಂದ್ಕಂಡಿದ್ದೆ, ಈವಮ್ಮ ಅಟ್ಟಣೆ ಕೈಲಿ ಯೋಳ್ಸ್‌ಬುಟ್ಲು ಕಣ್ಲಾ!" ಎಂದ. ಅವನು ಅಟ್ಟಣೆಯ ಮೇಲೆ ಕೊಯ್ಲಿನವರೆಗೂ ಮಲಗಿದವನೇ.

ಇವೆಲ್ಲ ಆಗುವಾಗ ನಾನು ಎರಡು ಸಲ ಸಂಬಳದ ವಿಷಯವನ್ನು ಬರೆದುಕೊಟ್ಟಿದ್ದೆ. ಎರಡು ಸಲವೂ ಗೋವಿಂದಸ್ವಾಮಿಯವರು, "ಇದೆಲ್ಲ ಜಾಣತನ ಅಮ್ಮಾ. ಜಾಣತನಕ್ಕೆ ಸರ್ಕಾರದಲ್ಲಿ ದರ್ಜೆ ಇಲ್ಲ. ನಿಮ್ಮ ಓದಿಲ್ಲದೆ ಆಗದ ಕೆಲಸ ಒಂದು ತೋರಿಸಿ" ಎಂದರು. ಮಾತು ಒರಟಾದರೂ ನ್ಯಾಯವಾದದ್ದು. ನಾನು ಬೇಸರಪಡಲಿಲ್ಲ, ಕಾದೆ.

ಸಂಕ್ರಾಂತಿ ಕಳೆದ ಮೇಲೆ ಉದ್ದನಪಲ್ಲಿಯಿಂದ ದೂರು ಬಂತು. ದೊಡ್ಡಮುನಿಯಪ್ಪ ಎಂಬ ರೈತನ ಹಿತ್ತಲಲ್ಲಿ ದೊಡ್ಡ ಹಗೇವು ಇದೆ, ಒಂದು ಮನೆಗೆ ಐದಾರು ವರ್ಷಕ್ಕಾಗುವಷ್ಟು ರಾಗಿ ಮುಚ್ಚಿಟ್ಟಿದ್ದಾನೆ ಎಂದು. ಪಟ್ಟಣದ ಹುಡುಗಿಯರಿಗಾಗಿ ಹೇಳುತ್ತೇನೆ: ಹಗೇವು ಎಂದರೆ ನೆಲದಲ್ಲಿ ತೋಡಿದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ.

ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ರಾಯಕೋಟೆ ದಾರಿಯಲ್ಲಿ ಏದುಸಿರು ಬಿಡುತ್ತಾ ಹೋಗುತ್ತಿದ್ದಾಗ ಸಾಹೇಬರು ಹೇಳಿದರು: "ನಿಮ್ಮ ಹುದ್ದೆಯ ವಿಷಯ ಈ ತಿಂಗಳ ಕೊನೆಗೆ ತೀರ್ಮಾನವಾಗಬೇಕು. ಪದವೀಧರೆ ಬೇಕೋ ಮೆಟ್ರಿಕ್ ಆದವರು ಸಾಕೋ ಅಂತ ಮೇಲಿನವರು ಕೇಳಿದ್ದಾರೆ. ಗೋವಿಂದಸ್ವಾಮಿ ಮೆಟ್ರಿಕ್ ಸಾಕು ಅಂತಾನೆ. ನಾನಿನ್ನೂ ಏನೂ ಬರೆದಿಲ್ಲ."

"ಸಾಕು ಅಂತ ಬರೆದರೆ ನಾನು ಇರುವುದಿಲ್ಲ ಸರ್" ಎಂದೆ. ಅವರು ಆಶ್ಚರ್ಯದಿಂದ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಹಗೇವಿನ ಬಾಯಿ ತೆರೆದಾಗ ಇಡೀ ಊರು ಸೇರಿತ್ತು. ಸಾಹೇಬರು ಕೆಂಪಯ್ಯನಿಗೆ, "ಇಳಿ" ಎಂದರು. ಕೆಂಪಯ್ಯ ಹಿಂದಕ್ಕೆ ಸರಿದು, "ದೊಡ್ಡೋರು ಮೊದ್ಲು ಇಳೀಬೇಕು ಸ್ವಾಮಿ" ಎಂದ. ಜನ ಗೊಳ್ಳೆಂದರು. ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತದೆ. ಯಾರೋ ಹಗ್ಗ ಕಟ್ಟಿ ಲಾಂದ್ರ ಇಳಿಬಿಟ್ಟರು. ಅರ್ಧಕ್ಕೇ ಆರಿಹೋಯಿತು. ಲಾಂದ್ರ ತಳದವರೆಗೂ ಉರಿಯುವ ತನಕ ಕಾಯದೆ ಗತಿಯಿರಲಿಲ್ಲ.

ಸಾಹೇಬರು ಹೊಂಗೆ ಮರದ ನೆರಳಲ್ಲಿ ಕೂತು ದೊಡ್ಡಮುನಿಯಪ್ಪನನ್ನು ಕೇಳಿದರು. "ಈ ರಾಗಿ ಯಾರದು?"

"ನಂದೈತೆ ಇದ್ರಾಗೆ."

"ನಿನ್ನದು ಎಷ್ಟು?"

ಹೇಳಿದ. ಕಡಿಮೆಯೇ ಇತ್ತು.

"ಹಾಗಾದರೆ ಉಳಿದದ್ದು?"

"ಬ್ಯಾರೇರ್ ಕಾಳಿನ್ ಮಾತು ನಾನ್ ಆಡಕ್ಕಾಗಕಿಲ್ಲ ಸ್ವಾಮಿ."

"ಯಾರವರು ಬೇರೆಯವರು?"

ದೊಡ್ಡಮುನಿಯಪ್ಪ ನೆಲ ನೋಡಿದ. ಅವನ ತಮ್ಮಂದಿರು ನಾಲ್ವರೂ ಅಲ್ಲೇ ಇದ್ದರು. ಅಣ್ಣನ ಮುಂದೆ ಅವರು ತುಟಿ ತೆರೆಯಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿ, "ನೋಡಿದಿರಾ? ಈಗ ನಾನು ಗದರಿದರೆ ತಮ್ಮಂದಿರೆಲ್ಲ ನನ್ನದೂ ಇದೆ, ನನ್ನದೂ ಇದೆ ಅಂತಾರೆ. ನಾಳೆ ಊರೇ ನನ್ನದೂ ಇದೆ ಅನ್ನುತ್ತೆ" ಎಂದರು. ಅವರ ಮಾತೂ ಸರಿಯಾಗಿತ್ತು. ರಾಗಿಯ ಬಗ್ಗೆ ಕೇಳಿದರೆ ರಾಗಿಗೆ ತಕ್ಕ ಉತ್ತರ ಬರುತ್ತದೆ. ಯಾರ ಹಕ್ಕು ಆ ಹಗೇವಿನಲ್ಲಿದೆಯೆಂದು ರಾಗಿಯ ಹೆಸರೆತ್ತದೆ ತಿಳಿಯಬೇಕಾಗಿತ್ತು.

"ಲಾಂದ್ರ ಉರಿಯುವವರೆಗೆ ನನಗೆ ಹೊತ್ತು ಕೊಡಿ. ಗಂಡಸರು ಯಾರೂ ಇಲ್ಲಿಂದ ಏಳದ ಹಾಗೆ ನೋಡಿಕೊಳ್ಳಿ" ಎಂದೆ. ಅವರು ನಮ್ಮ ಜೊತೆ ಬಂದಿದ್ದ ಪೋಲೀಸಿನವನಿಗೆ ಕಣ್ಸನ್ನೆ ಮಾಡಿದರು.

ದೊಡ್ಡಮುನಿಯಪ್ಪನ ಹೆಂಡತಿ ತಿಮ್ಮಕ್ಕ ಅಡಿಗೆಮನೆಯಲ್ಲಿ ಅಳುತ್ತಾ ಕೂತಿದ್ದಳು. ನಾನು ಹಗೇವಿನ ಮಾತೆತ್ತದೆ ಅವಳ ಪಕ್ಕ ಕೂತೆ.

"ಅಕ್ಕಾ, ನಿಮ್ಮ ಮಾವ ತೀರಿಕೊಂಡಾಗ ತಿಥಿ ಆಗೋವರೆಗೂ ಸೂತಕದಲ್ಲಿದ್ದ ಮನೆ ಯಾವ್ಯಾವುವು?"

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಆಚೆ ನಮ್ಮ ಮನೆ ಮುಳುಗ್ತಾ ಐತೆ, ಸೂತಕದ ಮಾತು ಕೇಳ್ತೀರಲ್ಲ ತಾಯಿ!"

"ಮುಳುಗದ ಹಾಗೆ ನೋಡೋಣ. ಹೇಳಿ."

"ನಮ್ದು, ನಮ್ ನಾಕು ಜನ ಮೈದುನರ್ದು. ಬ್ಯಾರೆ ಬ್ಯಾರೆ ಒಲೆ ಆಗಿ ಬೋ ದಿನ ಆಯ್ತು. ಹೊಲ ಹಂಚ್ಕಂಡವ್ರೆ, ಮನೆ ಹಂಚ್ಕಂಡವ್ರೆ. ಸೂತಕ ಹಂಚ್ಕಳ್ಳಾಕಾಯ್ತದಾ?"

ಇದೇ ಮಾತನ್ನು ನೆರೆಯ ಎರಡು ಮನೆಗಳಲ್ಲೂ ಕೇಳಿದೆ. ಅವರೂ ಅದೇ ಐದು ಒಲೆಗಳನ್ನು ಹೇಳಿದರು. ಸಾವಿನ ಸೂತಕವನ್ನು ಯಾರೂ ಬಚ್ಚಿಡುವುದಿಲ್ಲ, ಯಾರೂ ಇಲ್ಲದ್ದನ್ನು ಹುಟ್ಟಿಸಿಯೂ ಹೇಳುವುದಿಲ್ಲ. ಒಂದು ವಂಶದ ಗಂಡುಮಕ್ಕಳ ಮನೆಗಳನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಪ್ರಶ್ನೆ ನನಗೆ ಗೊತ್ತಿರಲಿಲ್ಲ. ಇನ್ನು ಉಳಿದದ್ದು ಒಂದೇ. ಐದು ಒಲೆಗಳಿಗೂ ಒಂದೊಂದಾಗಿ ಹೋಗಿ, ಆಯಾ ಮನೆಯವಳನ್ನು ಕೇಳಿದೆ: ಹಗೇವು ಮುಚ್ಚುವ ಮುಂಚೆ ನಿಮ್ಮ ಕಣದಿಂದ ಎಷ್ಟು ಕೊಳಗ ಹಾಕಿದಿರಿ? ತನ್ನ ಕಾಳಿನ ಮಾತನ್ನು ಪ್ರತಿಯೊಬ್ಬಳೂ ಸರಾಗವಾಗಿ ಹೇಳಿದಳು. ಓರಗಿತ್ತಿಯದು ಎಷ್ಟೆಂದು ಕೇಳಿದರೆ ಯಾರೂ ಬಾಯಿಬಿಡಲಿಲ್ಲ. ಅದು ಆ ಮನೆತನದಲ್ಲಿ ಮರ್ಯಾದೆಯ ವಿಷಯ. ಹಗೇವು ಮಾತ್ರ ಮಾವನ ಕಾಲದ್ದು, ಅದನ್ನು ಹಂಚಿಕೊಳ್ಳುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ.

ನಾನು ಹಿಂದಿರುಗುವ ಹೊತ್ತಿಗೆ ಲಾಂದ್ರ ಉರಿಯುತ್ತಿತ್ತು. ಆಳುಗಳು ಇಳಿದು ರಾಗಿ ಮೇಲಕ್ಕೆ ಕೊಡುತ್ತಿದ್ದರು, ಕೆಂಪಯ್ಯ ಕೊಳಗದಲ್ಲಿ ಅಳೆಯುತ್ತಿದ್ದ. "ಲಾಭ! ಎರಡು! ಮೂರು!" ಎಂದು ಕೂಗಿದ.

"ಒಂದು ಎಲ್ಲಿ ಹೋಯಿತು?" ಎಂದು ಸಾಹೇಬರು ರೇಗಿದರು.

"ಲಾಭಾನೇ ಒಂದು ಸ್ವಾಮಿ. ಕಾಳು ಅಳೆಯೋವಾಗ ಒಂದು ಅನ್ಬಾರ್ದು."

ಅಳತೆ ಮುಗಿಯುವವರೆಗೆ ನನ್ನ ಲೆಕ್ಕವನ್ನು ಯಾರಿಗೂ ತೋರಿಸಲಿಲ್ಲ. ಮುಗಿದ ಮೇಲೆ ಸಾಹೇಬರ ಕೈಗೆ ಕೊಟ್ಟೆ. ಅವರು ಎರಡನ್ನೂ ಹೋಲಿಸಿ ನೋಡಿ ಕನ್ನಡಕ ತೆಗೆದರು.

"ಐದು ಮನೆ, ಐದು ಉತ್ತರ. ಚೆನ್ನಾಗಿದೆ ಅಮ್ಮಾ. ಆದರೆ ಹಗೇವು ಒಪ್ಪುತ್ತಿಲ್ಲ. ಇನ್ನೂ ಒಂದು ಮನೆಯ ಪಾಲಿನಷ್ಟು ಹೆಚ್ಚಿಗೆ ಇದೆ. ಆ ಹೆಚ್ಚಿನದೇ ಇವನು ಬಚ್ಚಿಟ್ಟದ್ದು."

ಅವರು ಕೇಸು ಬರೆಯಲು ಪೆನ್ನು ತೆಗೆದರು. ದೊಡ್ಡಮುನಿಯಪ್ಪ ಇನ್ನೂ ನೆಲವನ್ನೇ ನೋಡುತ್ತಿದ್ದ. ಹೆಚ್ಚು ಬಂದದ್ದು ಒಂದು ಮುಷ್ಟಿಯಲ್ಲ. ಐವರಲ್ಲಿ ಯಾರೂ ಕಡಿಮೆ ಹೇಳಿರಲಾರರು, ಏಕೆಂದರೆ ಕಡಿಮೆ ಹೇಳಿದವಳು ತನ್ನ ರಾಗಿಯನ್ನೇ ಕಳೆದುಕೊಳ್ಳುತ್ತಾಳೆ. ಹಾಗಾದರೆ ತಪ್ಪು ನನ್ನ ಪ್ರಶ್ನೆಯಲ್ಲಿರಬೇಕು. ಮತ್ತೆ ಮೊದಲಿನಿಂದ ಯೋಚಿಸಿದೆ. ತಿಥಿಯವರೆಗೂ ಸೂತಕ ಯಾರಿಗೆ? ಗಂಡುಮಕ್ಕಳ ಮನೆಗೆ. ಮದುವೆಯಾಗಿ ಹೋದ ಮಗಳು ಗಂಡನ ವಂಶಕ್ಕೆ ಸೇರಿದವಳು, ತಂದೆ ಸತ್ತರೂ ಅವಳಿಗೆ ಮೂರೇ ದಿನ. ನನ್ನ ಪ್ರಶ್ನೆ ಆ ಮನೆಯ ಹೆಣ್ಣುಮಕ್ಕಳನ್ನೆಲ್ಲ ಹೊರಗಿಟ್ಟಿತ್ತು.

"ಸರ್, ಬರೆಯಬೇಡಿ" ಎಂದೆ. ನಾನು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ತಿಮ್ಮಕ್ಕನನ್ನು ಬಾಗಿಲಿಗೆ ಕರೆದು ಎಲ್ಲರ ಎದುರಿಗೇ ಕೇಳಿದೆ: "ಅಕ್ಕಾ, ನಿಮ್ಮ ಮಾವನ ಸೂತಕ ಮೂರೇ ದಿನಕ್ಕೆ ಕಳೆದುಕೊಂಡವರು ಯಾರಾದರೂ ಈ ಊರಲ್ಲೇ ಇದ್ದಾರಾ?"

"ಲಗುಮಕ್ಕ ಅವ್ಳಲ್ಲ. ನಮ್ ನಾದ್ನಿ. ಗಂಡ ಹೋದ್‌ಮ್ಯಾಲೆ ಇಲ್ಲೇ ಬಂದು ಒಲೆ ಹೂಡ್ಕಂಡವ್ಳೆ, ಕೆಳಗಲ ಬೀದೀಲಿ."

ಸಾಹೇಬರು ಅಳತೆಯ ಕಾಗದ ಜೇಬಿಗಿಟ್ಟುಕೊಂಡು, "ಈ ಸಲ ನಾನೇ ಕೇಳುತ್ತೇನೆ" ಎಂದು ಎದ್ದರು. ಊರೆಲ್ಲ ಹಿಂದೆ ಬಂತು. ಲಗುಮಕ್ಕ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅಷ್ಟು ಜನವನ್ನು ಕಂಡೂ ಅವಳು ಏಳಲಿಲ್ಲ.

ಸಾಹೇಬರು ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, "ಏನಮ್ಮಾ, ಹಗೇವಿನಲ್ಲಿ ನಿನ್ನ ರಾಗಿ ಇದೆಯಾ?" ಎಂದರು.

"ಇಲ್ದೆ ಏನು? ನಮ್ಮಪ್ಪ ತೋಡ್ಸಿದ್ದು ಅದು. ನನ್ ಹೊಲ್ದಾಗೆ ಬೆಳೆದಿದ್ದು, ನಮ್ಮಣ್ಣದೀರು ಕೊಟ್ಟಿದ್ದು, ಎಲ್ಲಾ ಅದ್ರಾಗೇ ಐತೆ."

"ಎಷ್ಟು?"

ಅವಳು ಹೇಳಿದಳು. ಸಾಹೇಬರು ಕಾಗದ ತೆಗೆದು ನೋಡಿದರು. ಅವರ ತುಟಿ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. "ಸರಿಹೋಯಿತು. ಆದರೂ ಎರಡು ಕೊಳಗ ಹೆಚ್ಚಿಗೆ ಉಳಿಯುತ್ತೆ" ಎಂದರು.

"ಹೋದೊರ್ಸದ್ದು ತಳದಾಗೆ ಮುಗ್ಗಿದ್ದು ಹಂಗೇ ಬಿಟ್ಟಿದ್ವಿ. ನಿಮ್ಮೋರು ಅದ್ನೂ ಅಳುದ್ರಾ?" ಎಂದು ಲಗುಮಕ್ಕ ಕೆಂಪಯ್ಯನ ಕಡೆ ನೋಡಿದಳು. "ಅಲ್ಲಾ ಸ್ವಾಮಿ, ಬೆಳಿಗ್ಗಿಂದ ಊರೆಲ್ಲಾ ಕೇಳ್ದ್ರಿ. ನನ್ನ ಯಾಕೆ ಕೇಳ್ನಿಲ್ಲ? ನಾನೇನು ಹೊರಗ್ನೋಳಾ?"

ಆ ಮಾತಿಗೆ ಉತ್ತರ ಕೊಡಬೇಕಾದವಳು ನಾನು. "ತಪ್ಪಾಯಿತು ಅಕ್ಕಾ, ಇನ್ನು ಮೇಲೆ ಮೊದಲು ನಿಮ್ಮಂಥವರನ್ನೇ ಕೇಳುತ್ತೇನೆ" ಎಂದೆ. ಹಾಗೇ ನಡೆದುಕೊಂಡೆ ಕೂಡ.

ಆರು ಒಲೆಗಳೂ ತಮ್ಮ ತಮ್ಮ ಲೆವಿಯನ್ನು ಆಗಲೇ ಸಲ್ಲಿಸಿದ್ದವು. ಹಗೇವಿನಲ್ಲಿದ್ದದ್ದು ಅವರ ಊಟಕ್ಕೆಂದು ನಾವೇ ಬಿಟ್ಟುಕೊಟ್ಟಿದ್ದ ರಾಗಿ. ಅದನ್ನು ಒಬ್ಬನ ತಲೆಗೆ ಕಟ್ಟಿ ಇನ್ನೊಂದು ಸಲ ಕಿತ್ತುಕೊಳ್ಳುವುದರಲ್ಲಿದ್ದೆವು. ಸಾಹೇಬರು ದೊಡ್ಡಮುನಿಯಪ್ಪನಿಗೆ, "ಕೇಸು ಇಲ್ಲ. ನಿಮ್ಮ ರಾಗಿ ನೀವು ತುಂಬಿಕೊಳ್ಳಿ" ಎಂದರು.

ತಿಮ್ಮಕ್ಕನಿಗೆ ಆಗ ಧೈರ್ಯ ಬಂದಿತ್ತು. "ತೆಗೆದೋರೇ ತುಂಬ್ಲಿ!" ಎಂದಳು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಸಾಹೇಬರು ಒಂದು ಗಳಿಗೆ ಯೋಚಿಸಿ ಪೋಲೀಸಿನವನಿಗೂ ಕೆಂಪಯ್ಯನಿಗೂ ಕೈ ಮಾಡಿದರು. ಕೆಂಪಯ್ಯ ಮಂಕರಿ ಹೊರುತ್ತಾ, "ಮಾನವಶಾಸ್ತ್ರ ಅಂದ್ರೆ ಇದೇ ಏನ್ರಮ್ಮಾವ್ರೇ? ಮೊದ್ಲೇ ಯೋಳಿದ್ರೆ ರಜಾ ಹಾಕ್‌ಬುಡ್ತಿದ್ದೆ" ಎಂದ.

ಅದೇ ತಿಂಗಳು ಇನ್ನೂ ಕೆಲವು ಹಗೇವುಗಳ ಮೇಲೆ ದೂರು ಬಂದಿತ್ತು. ಎಲ್ಲ ಕಡೆಯೂ ಇದೇ ರೀತಿ, ಈ ಸಲ ಗಂಡುಮಕ್ಕಳ ಸೂತಕ, ಹೆಣ್ಣುಮಕ್ಕಳ ಮೂರು ದಿನದ ಸೂತಕ ಎರಡನ್ನೂ ಕೇಳಿ ವಿಚಾರಿಸಿದೆ. ಹೆಚ್ಚಿನವು ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿ ಇಟ್ಟವು. ರಾಯಕೋಟೆಯ ಕಡೆ ಒಂದು ಕಡೆ ಮಾತ್ರ ಹೊಂದಲಿಲ್ಲ. ಅಲ್ಲಿ ಹಗೇವಿನಲ್ಲಿ ನಮ್ಮದೂ ಇದೆ ಎಂದು ಬಂದ ಮನೆಗಳಿಗೂ ಆ ಯಜಮಾನನಿಗೂ ಸಾವು ಹುಟ್ಟಿನ ಸಂಬಂಧವೇ ಇರಲಿಲ್ಲ. ಒಂದೊಂದು ಒಲೆಯಲ್ಲಿ ಒಂದೊಂದು ಲೆಕ್ಕ. ಕೊನೆಗೆ ಅದು ಬೆಲೆ ಏರಲೆಂದು ವ್ಯಾಪಾರಿಯೊಬ್ಬ ಕೂಡಿಟ್ಟ ರಾಗಿ ಎಂದು ಆ ಯಜಮಾನನೇ ಒಪ್ಪಿಕೊಂಡ. ಸಾಹೇಬರಿಗೆ ಉದ್ದನಪಲ್ಲಿಗಿಂತ ಇದರಿಂದ ಹೆಚ್ಚು ಸಂತೋಷವಾಯಿತು. ನನ್ನ ಶಾಸ್ತ್ರ ಜನರ ಪರವಾಗಿ ಅಳುವ ಶಾಸ್ತ್ರ ಎಂದು ಅವರಿಗೆ ಅನುಮಾನವಿತ್ತು, ಅದು ಹೋಯಿತು.

ತಿಂಗಳ ಕೊನೆಗೆ ಅವರು ನನ್ನನ್ನು ಕರೆದು ಕೂರಿಸಿ, "ನಿಮ್ಮ ಕೆಲಸದ ಬಗ್ಗೆ ಒಳ್ಳೆಯ ಪ್ರಶಂಸಾಪತ್ರ ಬರೆಯುತ್ತೇನೆ" ಎಂದರು.

ಹುಡುಗಿಯರು ಈ ಜಾಗವನ್ನು ಗಮನವಿಟ್ಟು ಓದಬೇಕು. ಪ್ರಶಂಸೆ ಬಂದಾಗ ನಾವು ಕರಗುತ್ತೇವೆ, ತಲೆ ಬಗ್ಗಿಸಿ ಕೈ ಮುಗಿದು ಹೊರಗೆ ಬರುತ್ತೇವೆ. ನನ್ನ ಸ್ವಭಾವವೂ ಹೆಚ್ಚು ಮಾತಿನದ್ದಲ್ಲ. ಅಂದು ಹೇಳಬೇಕಾದದ್ದನ್ನು ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

"ಪ್ರಶಂಸಾಪತ್ರ ಬೇಡ ಸರ್. ಪದವೀಧರರ ಸಂಬಳ ಬೇಕು. ಸೇರಿದ ದಿನದಿಂದ."

"ಕೆಲಸ ಚೆನ್ನಾಗಿ ಮಾಡುವುದು ಎಲ್ಲರ ಕರ್ತವ್ಯ ಅಲ್ಲವೇ ಅಮ್ಮಾ?"

"ಹೌದು ಸರ್. ಮೆಟ್ರಿಕ್ ಆದವರೂ ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಾರೆ. ಉದ್ದನಪಲ್ಲಿಗೆ ಅವರು ಬಂದಿದ್ದರೆ ಏನಾಗುತ್ತಿತ್ತು?"

"ಕೃಷ್ಣಗಿರಿ ಕೋರ್ಟಿನಲ್ಲಿ ಆರು ಮನೆಯವರು ನನ್ನ ಎದುರು ನಿಂತಿರುತ್ತಿದ್ದರು. ನಾನು ತಲೆ ಎತ್ತುವ ಹಾಗಿರುತ್ತಿರಲಿಲ್ಲ."

"ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನೇ ನಾನು ಕೇಳುತ್ತಿರುವುದು."

ಅವರು ಮೊದಲು ಕೋಪಗೊಂಡರೋ ಏನೋ, ಮುಖ ಕೆಂಪಾಯಿತು. ಆಮೇಲೆ ನಕ್ಕರು. ಅವರು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. "ಗೋವಿಂದಸ್ವಾಮೀ!" ಎಂದು ಕೂಗಿ ನನ್ನ ಎದುರಿಗೇ ಬರೆಸಿದರು: ಈ ಹುದ್ದೆಗೆ ಪದವೀಧರರೇ ಬೇಕು, ಅದೂ ಮಾನವಶಾಸ್ತ್ರ ಓದಿದವರಾದರೆ ಉತ್ತಮ ಎಂದು.

ಮಂಜೂರಾತಿ ಬರುವ ಹೊತ್ತಿಗೆ ಮುಂಗಾರು ಕಾಲಿಟ್ಟಿತ್ತು. ಸೇರಿದ ದಿನದಿಂದ ಹಿಂಬಾಕಿ ಸಮೇತ ಬಂತು. ಗೋವಿಂದಸ್ವಾಮಿಯವರು ಅದನ್ನು ತಾವೇ ಎದ್ದು ಬಂದು ನನ್ನ ಮೇಜಿನ ಮೇಲಿಟ್ಟರು. "ಅಮ್ಮಾ, ನಮ್ಮತ್ತೆಗೂ ಒಂದು ಹುದ್ದೆ ನೋಡ್ತೀರಾ?" ಎಂದು ನಕ್ಕರು. ಈ ಸಲ ನಾನೂ ನಕ್ಕೆ. ಆ ದಿನ ಮನೆಗೆ ಹೋಗುವಾಗ ಬಸ್ಸು ಹತ್ತದೆ ನಡೆದುಕೊಂಡೇ ಹೋದೆ. ಹಾದಿಯಲ್ಲಿ ಯಾರನ್ನು ಕಂಡೆ, ಏನು ಯೋಚಿಸಿದೆ ಎಂಬುದು ನನ್ನ ಸ್ವಂತದ ವಿಷಯ.

ಪದವಿ ನಮಗೆ ಸಂಬಳ ತರುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ತಾನಾಗಿ ತರುವುದಿಲ್ಲ. ಯಾರಿಗೂ ಗೊತ್ತಿಲ್ಲದ ವಿದ್ಯೆಯನ್ನು ಕಲಿತವರು, ಅದರಿಂದ ಏನಾಗುತ್ತದೆಂದು ಒಂದು ಸಲ ಕಣ್ಣಿಗೆ ಕಾಣುವ ಹಾಗೆ ಮಾಡಿ ತೋರಿಸಬೇಕು. ತೋರಿಸಿದ ಮೇಲೆ ಬಾಯಿಬಿಟ್ಟು ಕೇಳಬೇಕು. ಮೊದಲನೆಯದಕ್ಕಿಂತ ಎರಡನೆಯದು ಕಷ್ಟ.

ಮರುವರ್ಷ ಅದೇ ಸಂಬಳಕ್ಕೆ ಇನ್ನಿಬ್ಬರನ್ನು ತೆಗೆದುಕೊಂಡರು. ಅವರಲ್ಲಿ ಕಮಲ ಎಂಬುವಳು ನಾನು ಓದಿದ ವಿಷಯವನ್ನೇ ಓದಿ ಬಂದವಳು. ಇಪ್ಪತ್ತೆರಡರ ಹುಡುಗಿ, ಚೂಟಿ. ಮೊದಲ ತಿಂಗಳ ಸಂಬಳ ತೆಗೆದುಕೊಂಡು ಬಂದು ನನ್ನ ಎದುರಿನ ಬೆಂಚಿನ ಮೇಲೆ ಮುಖ ಉಬ್ಬಿಸಿಕೊಂಡು ಕೂತಳು.

"ಏನಾಯಿತು ಕಮಲ?"

"ಅಕ್ಕಾ, ನಾನು ಹೇಳಿದರೆ ಬೇಜಾರು ಮಾಡ್ಕೋಬೇಡಿ. ಮಾನವಶಾಸ್ತ್ರ ಓದಿದೋರಿಗೆ ಈ ಸಂಬಳ ಏನೇನೂ ಸಾಲದು. ಹಳ್ಳಿ ಹಳ್ಳಿ ಅಲೆಯೋರು ನಾವು. ಕೂತು ಬರೆಯೋ ಬಿ.ಎ.ಗಳಿಗೂ ನಮಗೂ ಒಂದೇನಾ?"

ನನಗೆ ಆದ ಸಂತೋಷವನ್ನು ಅವಳು ನೋಡದಿರಲೆಂದು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದೆ. ಆಮೇಲೆ ಸಾಹೇಬರ ಕೋಣೆಯ ಬಾಗಿಲನ್ನು ತೋರಿಸಿದೆ.

"ಈಗ ಕಾಫಿ ಕುಡಿದು ಕೂತಿರುತ್ತಾರೆ. ಹೋಗಿ ಕೇಳು."

ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು.